ಗಿರಣಿಗೆ ಬಿದ್ದ ಅಳು

ನನ್ನ ಮಗಳ ಅಳು ಬಿದ್ದದ್ದು ಹಿಟ್ಟಿನ ಗಿರಣಿಗೆ. ಊರಿನಲ್ಲಿ ಅಷ್ಟು ಮನೆಗಳಿವೆ, ಅಷ್ಟು ಅಂಗಡಿಗಳಿವೆ, ನೊಣ ಹಾರಿದರೂ ಕೇಳುವ ಒಂದು ಗ್ರಂಥಾಲಯವೂ ಇದೆ. ಅದನ್ನೆಲ್ಲ ಬಿಟ್ಟು ಬೆಳಗಿನಿಂದ ಸಂಜೆಯವರೆಗೆ ಗಡಗಡ ಅನ್ನುವ ಜಾಗವೇ ಬೇಕಾಗಿತ್ತೇ ಇದಕ್ಕೆ ಎಂದು ಬಾಣಂತಿ ಕೋಣೆಯಲ್ಲಿ ಕೂತು ಗಳಗಳನೆ ಅತ್ತುಬಿಟ್ಟೆ. ನನ್ನ ಅಳು ಮಾತ್ರ ನಮ್ಮ ಮನೆಯಲ್ಲಿ ಎಲ್ಲರಿಗೂ ಚೆನ್ನಾಗಿ ಕೇಳಿತು.

ನಮ್ಮ ಊರಿನಲ್ಲಿ ಎಳೆಗೂಸಿನ ಅಳು ಹೆತ್ತ ಮನೆಯಲ್ಲಿ ಕೇಳುವುದಿಲ್ಲ, ಬೇರೆ ಯಾವುದೋ ಒಂದು ಮನೆಯಲ್ಲಿ ಕೇಳುತ್ತದೆ. ಅದಕ್ಕೆ ಕೇಳುಮನೆ ಎನ್ನುತ್ತೇವೆ. ಕೇಳಿಸಿಕೊಂಡವರು ಮಾಡುತ್ತಿದ್ದ ಕೆಲಸ ಬಿಟ್ಟು ಬಂದು, ಕೂಸು ಅಳುತ್ತಿದೆ ಎಂದು ತಾಯಿಗೆ ಹೇಳಿ ಹೋಗಬೇಕು. ಹಲ್ಲು ಮೂಡಿ ಅಂಬೆಗಾಲಿಡುವ ಹೊತ್ತಿಗೆ ಅಳು ತಾನಾಗಿ ಮನೆಗೆ ಬರುತ್ತದೆ. ಅಲ್ಲಿಯವರೆಗೆ ಬೇರೆಯವರ ಕಿವಿಯೇ ಗತಿ. ನನ್ನ ಅಳು ಬಿದ್ದದ್ದು ಹನೀಫ್ ಸಾಬರ ಸೈಕಲ್ ಶಾಪಿಗೆ. ಪಂಕ್ಚರ್ ನೋಡುತ್ತಿದ್ದ ಟ್ಯೂಬನ್ನು ನೀರಿನಲ್ಲೇ ಬಿಟ್ಟು ಓಡಿ ಬರುತ್ತಿದ್ದರಂತೆ. ನನ್ನ ಮದುವೆಯಲ್ಲಿ ಮೊದಲ ತಾಂಬೂಲ ಅವರಿಗೇ ಹೋಯಿತು. ಈಗಲೂ ದಾರಿಯಲ್ಲಿ ಸಿಕ್ಕರೆ "ಏನವ್ವ, ಗಾಳಿ ಸರಿಯಾಗೈತಾ?" ಎಂದು ನಗುತ್ತಾರೆ. ನಮ್ಮ ಮನೆಯವರ ಅಳು ಬಿದ್ದದ್ದು ಪೊಲೀಸ್ ಠಾಣೆಗೆ. ಹೊತ್ತು ಗೊತ್ತಿಲ್ಲದೆ ಪೇದೆ ಬಾಗಿಲು ಬಡಿಯುವುದನ್ನು ನೋಡಿ ಪಕ್ಕದಲ್ಲಿ ಹೊಸದಾಗಿ ಬಾಡಿಗೆಗೆ ಬಂದವರು ಮನೆ ಖಾಲಿ ಮಾಡಿದರು ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ.

ನನಗೆ ಹೆರಿಗೆಯಾದ ದಿನ ಅತ್ತೆ ಹೊಸಿಲಿಗೆ ಅರಿಸಿನ ಹಚ್ಚಿ, ಬಾಗಿಲು ತೆರೆದಿಟ್ಟು, ಬರುವವರ ಬಾಯಿಗೆ ಹಾಕಲು ತಟ್ಟೆಯಲ್ಲಿ ಸಕ್ಕರೆ ಇಟ್ಟುಕೊಂಡು ಕೂತರು. ಯಾರೂ ಬರಲಿಲ್ಲ. ಕೂಸಿನ ಮುಖ ಕೆಂಪಗಾಗುತ್ತಿತ್ತು, ಬಾಯಿ ಅಗಲವಾಗುತ್ತಿತ್ತು, ಪುಟ್ಟ ನಾಲಿಗೆ ನಡುಗುತ್ತಿತ್ತು. ಸದ್ದು ಮಾತ್ರ ಇಲ್ಲ. ಎತ್ತಿಕೊಂಡು ಎದೆಗಿಟ್ಟುಕೊಳ್ಳುತ್ತಿದ್ದೆ, ಸುಮ್ಮನಾಗುತ್ತಿತ್ತು. ಮಾರನೆಯ ದಿನವೂ ಯಾರೂ ಬರಲಿಲ್ಲ. ಸಕ್ಕರೆಗೆ ಇರುವೆ ಬಂದವು. ಬೀಗ ಹಾಕಿದ ಮನೆಗೆ ಅಳು ಬಿದ್ದ ಒಂದು ಕೂಸಿನ ಕಥೆ ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ನೋಡಲು ಬಂದವರು ಯಾರೂ ನನ್ನ ಮುಂದೆ ಅದನ್ನು ಎತ್ತಲಿಲ್ಲ. ಎತ್ತದೆ ಇದ್ದದ್ದಕ್ಕೇ ನನಗೆ ಜೀವ ಹೋದಂತಾಯಿತು. ನಾನು ಒಂದು ಗಳಿಗೆ ಕಣ್ಣು ಮುಚ್ಚಿದರೆ ನನ್ನ ಮಗಳು ಅಳುತ್ತಿರುವುದು ಈ ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲವಲ್ಲ ಎಂದು ಕಣ್ಣೇ ಮುಚ್ಚಲಿಲ್ಲ.

ನಮ್ಮ ಮನೆಯವರು ಲೈನ್‌ಮನ್. ಕೂಸಿನ ಚಿಂತೆಯಲ್ಲೇ ಕೆಲಸಕ್ಕೆ ಹೋದವರು ಸಂತೆ ಬೀದಿಯ ಟ್ರಾನ್ಸ್‌ಫಾರ್ಮರ್ ರಿಪೇರಿಗೆಂದು ಕರೆಂಟು ತೆಗೆದರು. ಗಿರಣಿ ನಿಂತಿತು. ಗಿರಣಿ ನಡೆಸುವ ಓಬಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಮೂಟೆಯ ಮೇಲೆ ಕೂತಳಂತೆ. ಆಗ ಕೇಳಿಸಿತಂತೆ. ಅವಳು ನಮ್ಮ ಮನೆ ಬಾಗಿಲಿಗೆ ಬಂದಾಗ ಮುಡಿಯಿಂದ ಹಿಮ್ಮಡಿಯವರೆಗೆ ಬೆಳ್ಳಗಿದ್ದಳು. ಅವಳನ್ನು ಕಂಡದ್ದೇ ಅತ್ತೆ ಸಕ್ಕರೆ ತಟ್ಟೆಯನ್ನು ಸೆರಗಿನೊಳಗೆ ಇಟ್ಟುಕೊಂಡರು.

"ಕೂಸು ಅಳ್ತೈತೆ," ಅಂದಳು ಓಬಕ್ಕ.

"ಯಾರ ಕೂಸು?" ಅಂದರು ಅತ್ತೆ, ಬೇಕೆಂದೇ.

"ಊರಲ್ಲಿ ಈಗ ಇನ್ಯಾರು ಹೆತ್ತವ್ರೆ? ನಿನ್ ಜತೆ ಜಗಳ ಆಡಕ್ಕೆ ಬಂದಿಲ್ಲ ಕಣವ್ವ. ಆ ತಾಯಿಗೆ ಹೇಳು, ಹಸಿದೈತೆ."

ಜಗಳ ಹಳೆಯದು. ನಮಗಿಂತ ಹಿಂದೆ ಬೀಸಿಸಿಕೊಂಡು ಹೋದವರ ಜೋಳದ ಹಿಟ್ಟು ನಮ್ಮ ರಾಗಿಯಲ್ಲಿ ಬೆರೆತಿದೆ ಎಂದು ಅತ್ತೆ ಒಮ್ಮೆ ನಾಲ್ಕು ಜನರ ಮುಂದೆ ಅಂದಿದ್ದರು. ಅಷ್ಟು ಅನುಮಾನ ಇದ್ದರೆ ಮನೆಯಲ್ಲೇ ಬೀಸುಕಲ್ಲು ತಿರುಗಿಸು ಎಂದು ಓಬಕ್ಕ ಡಬ್ಬಿ ವಾಪಸು ಕೊಟ್ಟಿದ್ದಳು. ಅಂದಿನಿಂದ ಅತ್ತೆ ರಾಗಿ ಹೊತ್ತುಕೊಂಡು ಊರಿನ ಆಚೆ ತುದಿಯ ಗಿರಣಿಗೆ ಹೋಗುತ್ತಿದ್ದರು. ಈಗ ಮೊಮ್ಮಗಳ ಅಳು ಹೋಗಿ ಅಲ್ಲೇ ಬಿದ್ದಿತ್ತು. ಯಾರ ಜೊತೆ ಬೇಕಾದರೂ ಜಗಳ ಆಡಬಹುದು, ಕೇಳುಮನೆಯ ಜೊತೆ ಆಗುವುದಿಲ್ಲ. ಅತ್ತೆ ಇರುವೆ ಊದಿ ಸಕ್ಕರೆ ಕೊಟ್ಟರು.

ಓಬಕ್ಕ ಹೋದ ಮೇಲೆ ಅತ್ತೆ ನನಗೆ ಅಂದರು, "ನಿನ್ ಗಂಡಂಗೆ ಹೇಳು. ಕೂಸಿಗೆ ಹಲ್ಲು ಬರೋಗಂಟ ಆ ಗಿರಣಿ ಲೈನು ಕಿತ್ತಾಕ್ಲಿ."

"ನನ್ನ ಕೆಲಸ ಕಿತ್ತಾಕ್ತಾರೆ," ಅಂದರು ಸಂಜೆ ಮನೆಗೆ ಬಂದ ನಮ್ಮ ಮನೆಯವರು.

ದಾರಿ ತೋರಿಸಿದ್ದು ಮತ್ತೆ ಬಂದ ಓಬಕ್ಕನೇ. ಒಂದೊಂದು ಡಬ್ಬಿ ಬೀಸಿದ ಮೇಲೆ ಮಿಷನ್ ನಿಲ್ಲಿಸಿ, ಕಿವಿ ಕೊಟ್ಟು ಕೇಳಿ, ಆಮೇಲೆ ಮುಂದಿನ ಡಬ್ಬಿ ಸುರಿಯುತ್ತೇನೆ ಅಂದಳು. ಹಾಗೆ ಹಾಕಿ ತೆಗೆದು ಮಾಡಿದರೆ ಮೋಟಾರು ಸುಟ್ಟುಹೋಗುತ್ತದೆ ಎಂದು ನಮ್ಮ ಮನೆಯವರು ಎಚ್ಚರಿಸಿದರು. "ಸುಟ್ರೆ ಸುಡ್ಲಿ ಬಿಡಪ್ಪ. ಕೂಸಿಗಿಂತ ಮೋಟ್ರು ಹೆಚ್ಚಾ?" ಅಂದಳು. ನಾನು ಒಳಗಿನಿಂದ ಕೇಳಿಸಿಕೊಂಡೆ. ಆ ಹೊತ್ತು ಅವಳು ಎದುರಿಗೆ ಇದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆನೋ ಏನೋ.

ಮೊದಮೊದಲು ಸರದಿಯಲ್ಲಿ ನಿಂತವರು ಗೊಣಗಿದರು. ಆಮೇಲೆ ಓಬಕ್ಕ ಒಂದು ಕಾಯಿದೆ ಮಾಡಿದಳು. ಕೂಸು ಅತ್ತಾಗ ಯಾರು ಓಡಿ ಹೋಗಿ ಹೇಳಿ ಬರುತ್ತಾರೋ ಅವರ ಡಬ್ಬಿ ಎಲ್ಲರಿಗಿಂತ ಮುಂದೆ. ಅಲ್ಲಿಂದ ನೋಡಿ ನನ್ನ ಮಗಳ ಮೇಲೆ ಊರಿನ ಪ್ರೀತಿ. ಮಿಷನ್ ನಿಂತದ್ದೇ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರಂತೆ. ದೊಡ್ಡ ದೊಡ್ಡ ಗಂಡಸರು ಪಂಚೆ ಮೇಲೆ ಕಟ್ಟಿಕೊಂಡು ಓಡಿ ಬಂದು, ಏದುಸಿರು ಬಿಡುತ್ತ ನಮ್ಮ ಬಾಗಿಲಲ್ಲಿ ನಿಂತು "ಅಳ್ತೈತೆ ಕಣವ್ವ" ಎಂದು ಹೇಳಿ, ಬಂದ ವೇಗದಲ್ಲೇ ಹಿಂದಿರುಗುತ್ತಿದ್ದರು. ಕೆಲವರು ಅದು ಅಳದೆ ಇದ್ದಾಗಲೂ ಬಂದು ಹೇಳಿ ಹೋದರು ಎಂದು ನನಗೆ ಅನುಮಾನ ಇದೆ. ನಮ್ಮ ಬಾಗಿಲಿನ ಚೌಕಟ್ಟಿನ ಮೇಲೆ ಬಿಳಿ ಕೈಗುರುತುಗಳು ತುಂಬಿದವು. ಅತ್ತೆ ಒರೆಸುತ್ತಿದ್ದರು, ಮತ್ತೆ ಮೂಡುತ್ತಿದ್ದವು. ಕೊನೆಗೆ ಅವರೂ ಕೈಬಿಟ್ಟರು.

ಹಾಗೆಂದು ನಾನು ನಿಶ್ಚಿಂತೆಯಿಂದ ಇದ್ದೆ ಎಂದಲ್ಲ. ಒಂದು ಡಬ್ಬಿಗೂ ಇನ್ನೊಂದು ಡಬ್ಬಿಗೂ ನಡುವೆ ಎಷ್ಟು ಹೊತ್ತು ಇರುತ್ತದೆ ಎಂದು ಕೂಸಿನ ತಾಯಿಯನ್ನು ಕೇಳಬೇಕು. ನಾನು ಕಣ್ಣಲ್ಲೇ ಕೇಳುವುದನ್ನು ಕಲಿತೆ. ಒಲೆಯ ಕಡೆ ಬೆನ್ನು ಮಾಡಿ, ತೊಟ್ಟಿಲ ಕಡೆ ಮುಖ ಮಾಡಿ ಅಡುಗೆ ಮಾಡುತ್ತಿದ್ದೆ. ಎಷ್ಟು ಒಗ್ಗರಣೆ ಸೀದವೋ ಲೆಕ್ಕವಿಲ್ಲ. ರಾತ್ರಿ ಗಿರಣಿಗೆ ಬೀಗ, ಅಲ್ಲಿ ಕೇಳುವವರಿಲ್ಲ ಎಂದು ಹಳೆಯ ಸೀರೆಯ ಅಂಚು ಹರಿದು ಅದರ ಕಾಲಿಗೂ ನನ್ನ ಕೈಗೂ ಕಟ್ಟಿಕೊಂಡು ಮಲಗುತ್ತಿದ್ದೆ. ಕಾಲು ಒದ್ದರೆ ಎಚ್ಚರ. ನಿದ್ದೆ ಎಂಬುದು ಬೇರೆ ಯಾರದೋ ಮನೆಯ ಐಶ್ವರ್ಯ ಅನ್ನಿಸುತ್ತಿತ್ತು. ಬೆಳಿಗ್ಗೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿ, ಕುಲಾವಿ ಕಟ್ಟಿ ಮಲಗಿಸಿದಾಗ ಅದು ನನ್ನ ಹೆಬ್ಬೆರಳನ್ನು ಹಿಡಿದುಕೊಂಡೇ ನಿದ್ದೆ ಹೋಗುತ್ತಿತ್ತು. ಬೆರಳು ಬಿಡಿಸಿಕೊಳ್ಳಲು ಮನಸ್ಸಾಗದೆ, ತಲೆ ಬಾಚದೆ, ತಿಂಡಿ ತಿನ್ನದೆ ಅಲ್ಲೇ ಕೂತಿರುತ್ತಿದ್ದೆ. ಇಷ್ಟು ಸಣ್ಣ ಜೀವ ಇಷ್ಟು ದೊಡ್ಡ ಹೆಂಗಸನ್ನು ಕಟ್ಟಿಹಾಕುವುದು ಹೇಗೆ ಎಂದು ನಗು ಬರುತ್ತಿತ್ತು, ಕೆಲವು ಸಲ ಸಿಟ್ಟೂ ಬರುತ್ತಿತ್ತು. ಸಿಟ್ಟು ಬಂದದ್ದಕ್ಕೆ ಮತ್ತೆ ಅದರ ಕಾಲಿಗೆ ಮುತ್ತು ಕೊಡುತ್ತಿದ್ದೆ.

ಸೀನು, ಆಕಳಿಕೆ, ಬಿಕ್ಕಳಿಕೆ, ಗೋಡೆಯ ಹಲ್ಲಿಯ ಜೊತೆ ಆಡುವ ಊಂಗು ಊಂಗು ಮಾತು, ಎಲ್ಲವೂ ನಮಗೆ ಕೇಳುತ್ತಿತ್ತು. ಅಳುವೊಂದನ್ನು ಬಿಟ್ಟು. ಓಬಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಹೆತ್ತವಳು ನಾನು, ನೋವು ತಿಂದವಳು ನಾನು, ಮಗಳು ಕರೆಯುವುದು ಮಾತ್ರ ಅವಳನ್ನು. ಸಂಜೆ ಗಿರಣಿ ಮುಚ್ಚಿ ಕೈಕಾಲು ತೊಳೆದು ಅವಳು ಕೂಸನ್ನು ನೋಡಲು ಬರುತ್ತಿದ್ದಳು. ಎಷ್ಟು ತೊಳೆದರೂ ಕಿವಿಯ ಹಿಂದೆ ಹಿಟ್ಟು ಉಳಿದಿರುತ್ತಿತ್ತು. ಒಂದು ಸಂಜೆ ತಡೆಯಲಾರದೆ ಕೇಳಿದೆ, "ಹೆಂಗಳ್ತೈತೆ ಓಬಕ್ಕ, ನಮ್ಮ ಕೂಸು?"

"ನಿದ್ದೆಗಾದ್ರೆ ಒಂಥರ, ಹಸಿವಿಗಾದ್ರೆ ಒಂಥರ," ಅಂದಳು. "ಹಸಿವಿಗೆ ಮೊದ್ಲು ಎರಡು ಸಣ್ಣದು. ಆಮೇಲೆ ಒಂದು ಉದ್ದ. ಕೊನೇಲಿ ಗಕ್ಕಂತ ನಿಲ್ಲುತ್ತೆ, ಕಾಳು ಮುಗಿದಾಗ ಕಲ್ಲು ನಿಲ್ಲಲ್ವಾ, ಹಂಗೆ."

"ಒಂದು ಸಲ ಮಾಡಿ ತೋರ್ಸು."

"ಥೂ, ಬಿಡ್ತು ಅನ್ನು. ಕೂಸಿನ ಅಳು ಅಣಕಿಸಿದ್ರೆ ಅದರ ಗಂಟಲು ಕಟ್ಟುತ್ತೆ." ಅದು ನಮ್ಮಲ್ಲಿ ಎಲ್ಲರೂ ನಂಬುವ ಮಾತು. ಆಮೇಲೆ ತೊಟ್ಟಿಲ ಹಗ್ಗ ಹಿಡಿದು ಅಂದಳು, "ಮೂರು ಗಂಡುಮಕ್ಕಳನ್ನ ಹೆತ್ತೆ ಕಣವ್ವ. ಮೂರರ ಅಳೂ ಎಲ್ಲೆಲ್ಲೋ ಬಿತ್ತು. ಯಾರ್ಯಾರೋ ಬಂದು ಹೇಳೋರು, ನಾನು ಓಡೋಳು. ಅವು ಮನೇಗೆ ಬಂದಾಗ ಆಗ್ಲೇ ಹಟದ ಅಳು. ಎಳೇ ಅಳು ಅಂದ್ರೆ ಏನು ಅಂತ ಈ ವಯಸ್ಸಿಗೆ ನಿನ್ ಮಗಳಿಂದ ಗೊತ್ತಾಯ್ತು."

ಅದನ್ನು ಕೇಳಿದ ಮೇಲೂ ನನ್ನ ಹೊಟ್ಟೆಕಿಚ್ಚು ಪೂರ್ತಿ ಹೋಗಲಿಲ್ಲ. ಆದರೆ ಅವಳಿಗೆಂದು ಕಾಫಿಗೆ ಹಾಲು ಸ್ವಲ್ಪ ಹೆಚ್ಚು ಹಾಕತೊಡಗಿದೆ.

ನಾಗರ ಪಂಚಮಿ ಹತ್ತಿರ ಬಂತು. ತಂಬಿಟ್ಟಿನ ಅಕ್ಕಿ ಬೀಸಿಸಲು ಗಿರಣಿಯ ಮುಂದೆ ಊರಿಗೆ ಊರೇ ನಿಂತಿತ್ತು. ಅತ್ತೆ ತಮ್ಮ ತಂಗಿಯ ಮನೆಗೆ ಹೋಗಿದ್ದರು. ನಮ್ಮ ಮನೆಯವರು ಯಾವುದೋ ಕಂಬದ ಮೇಲಿದ್ದರು. ಮಧ್ಯಾಹ್ನ ಕೂಸಿಗೆ ಹಾಲು ಕೊಟ್ಟು ಮಲಗಿಸಿ, ನೊಣ ಕೂರದಿರಲೆಂದು ತೊಟ್ಟಿಲಿಗೆ ತೆಳ್ಳನೆಯ ಸೀರೆ ಹೊದಿಸಿ, ಅಡುಗೆಮನೆಯ ಬಾಗಿಲಲ್ಲಿ ಚಾಪೆ ಹಾಕಿಕೊಂಡು ಒಂದು ಚಣ ಒರಗಿದೆ. ಗಿರಣಿಯಿಂದ ಯಾರಾದರೂ ಬರುತ್ತಾರಲ್ಲ ಎಂಬ ಧೈರ್ಯ. ನಿದ್ದೆ ಹೊಡೆದುಕೊಂಡು ಬಂತು.

ಎಚ್ಚರವಾದದ್ದು ಅಳುವಿನಿಂದ. ಎಳೆಗೂಸಿನ ಅಳು, ನಮ್ಮ ಮನೆ ತುಂಬ. ದಡಬಡಿಸಿ ಎದ್ದು ಕೂತೆ. ನನಗೆ ಮೊದಲು ಬಂದದ್ದು ಸಂತೋಷ. ಬಡಗಿ ಮೌನೇಶಾಚಾರ್ ಮನೆಯಲ್ಲಿ ಬೆಳಿಗ್ಗೆ ತಾನೇ ಹೆರಿಗೆಯಾಗಿತ್ತು. ಅಯ್ಯೋ, ಆ ಕೂಸಿನ ಅಳು ನಮ್ಮ ಮನೆಗೆ ಬಿತ್ತು, ನಾವೂ ಒಂದು ಕೂಸಿಗೆ ಕೇಳುಮನೆಯಾದೆವು ಎಂದು ಎದೆ ಉಬ್ಬಿತು. ಅಲ್ಲಿ ಆ ತಾಯಿ ಬಾಗಿಲು ನೋಡುತ್ತ ಕೂತಿರುತ್ತಾಳೆ, ಅವಳ ಅತ್ತೆಯ ಸಕ್ಕರೆಗೆ ಇರುವೆ ಮುತ್ತುವ ಮೊದಲು ಹೋಗಿ ಹೇಳಬೇಕು. ನನ್ನ ಮಗಳಿಗೆ ಇನ್ನೂ ಕತ್ತು ನಿಂತಿತ್ತಷ್ಟೆ. ಹಲ್ಲಿನ ಸುಳಿವೇ ಇಲ್ಲ. ಅವಳ ಅಳು ಮನೆಗೆ ಬರುವ ಕಾಲ ದೂರ ಇತ್ತು, ಹಾಗಾಗಿ ಆ ಯೋಚನೆಯೇ ಹೊಳೆಯಲಿಲ್ಲ. ಈ ಯಾರದೋ ಅಳುವಿಗೆ ನನ್ನ ಕೂಸು ಎದ್ದುಬಿಟ್ಟರೆ ಕಷ್ಟ ಎಂದು, ಕಳ್ಳಿಯ ಹಾಗೆ ತುದಿಗಾಲಲ್ಲಿ ತೊಟ್ಟಿಲನ್ನು ದಾಟಿ, ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆಳೆದುಕೊಂಡು ಓಡಿದೆ.

ಮೌನೇಶಾಚಾರ್ ಮನೆಯಲ್ಲಿ ಬಾಣಂತಿಯ ತಾಯಿ ನನ್ನನ್ನು ನೋಡಿ ನಕ್ಕರು. "ನಮ್ಮದು ಪೋಸ್ಟಾಫೀಸಿಗೆ ಬಿತ್ತು ಕಣಮ್ಮ. ಪೋಸ್ಟ್‌ಮನ್ ಆಗ್ಲೇ ಎರಡು ಸಲ ಬಂದು ಹೋದ. ಕೂಸು ಮಲಗೈತೆ ನೋಡು." ನೋಡಿದೆ. ತುಟಿ ಚಪ್ಪರಿಸುತ್ತ ಮಲಗಿತ್ತು. ಹಾಗಾದರೆ ಇದು ಯಾರ ಕೂಸು? ಬೀದಿಯಲ್ಲಿ ಕಂಡವರನ್ನೆಲ್ಲ ಕೇಳಿದೆ. ಬೇರೆ ಯಾರಿಗೂ ಹೆರಿಗೆಯಾದ ಸುದ್ದಿ ಇರಲಿಲ್ಲ. ಪಾಪ, ಯಾವ ತಾಯಿಯೋ ಗೊತ್ತಿಲ್ಲದೆ ಕೂತಿದ್ದಾಳಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಊರಿನ ಸುದ್ದಿಯೆಲ್ಲ ಹಿಟ್ಟಿನ ಜೊತೆ ಜರಡಿಯಾಗುವುದು ಗಿರಣಿಯಲ್ಲಿ, ಓಬಕ್ಕನಿಗೆ ಗೊತ್ತಿರುತ್ತದೆ ಎಂದು ಅತ್ತ ಓಡಿದೆ.

ಗಿರಣಿಯ ಮುಂದೆ ಅಷ್ಟು ಜನ ಇದ್ದರೂ ಮಿಷನ್ ನಿಂತಿತ್ತು. ಓಬಕ್ಕ ಮೂಟೆಯ ಮೇಲೆ ಕೂತು, ತಲೆ ವಾಲಿಸಿ, ಗೋಡೆಯ ಕಡೆ ಕಿವಿ ಕೊಟ್ಟಿದ್ದಳು. ನನ್ನನ್ನು ಕಂಡದ್ದೇ ಎದ್ದಳು.

"ಏನವ್ವ, ಕೂಸು ಹುಷಾರಾಗೈತಾ? ಆಗ್ಲಿಂದ ಸದ್ದೇ ಇಲ್ಲ. ಈ ಹೊತ್ತಿಗೆ ಅಳ್ಬೇಕಾಗಿತ್ತು. ನಂಗೆ ಕೈಕಾಲೇ ಆಡ್ತಿಲ್ಲ."

"ಅದು ಮಲಗೈತೆ ಓಬಕ್ಕ. ಬೇರೆ ಯಾರದೋ ಕೂಸು ನಮ್ಮನೇಲಿ ಅಳ್ತೈತೆ. ಯಾರ್ದು ಅಂತ ಗೊತ್ತಾಗ್ತಿಲ್ಲ. ಯಾರಾದ್ರೂ ಹೆತ್ತವ್ರಾ?"

"ಯಾರೂ ಇಲ್ವಲ್ಲ." ಓಬಕ್ಕ ಹುಬ್ಬು ಗಂಟಿಕ್ಕಿದಳು. "ಹೆಂಗಳ್ತೈತೆ?"

ಅಣಕಿಸಬಾರದು ಎಂಬುದು ಆ ಗಾಬರಿಯಲ್ಲಿ ಮರೆತೇಹೋಯಿತು. ಅಷ್ಟು ಜನರ ಮುಂದೆ, ಡಬ್ಬಿಗಳ ನಡುವೆ ನಿಂತು, ಕೇಳಿದ್ದನ್ನು ಕೇಳಿದ ಹಾಗೆ ಅತ್ತು ತೋರಿಸಿದೆ. ಎರಡು ಸಣ್ಣದು. ಒಂದು ಉದ್ದ. ಕೊನೆಯಲ್ಲಿ ಗಕ್ಕನೆ ನಿಲ್ಲಿಸಿದೆ.

ಓಬಕ್ಕನ ಕೈಯಿಂದ ಹಿಟ್ಟಿನ ಬಿದಿರು ಚಿಬ್ಬಲು ಕೆಳಗೆ ಬಿತ್ತು.

"ಅಯ್ಯೋ ನಿನ್ ಮನೆ ಕಾಯ್ವಾಗ! ಅದು ನಮ್ ಕೂಸು ಕಣೇ!"

ಆ ಬೀದಿಯನ್ನು ನಾನು ಹೇಗೆ ದಾಟಿದೆನೋ ನೆನಪಿಲ್ಲ. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯದು. ನನ್ನ ಹಿಂದೆ ಓಬಕ್ಕ ಓಡಿ ಬರುತ್ತಿದ್ದಳು, ಅವಳ ಸೀರೆಯಿಂದ ಹಿಟ್ಟು ಉದುರುತ್ತಿತ್ತು. ಬಾಗಿಲು ತಳ್ಳಿದೆ. ಅಳು ಇನ್ನೂ ಇತ್ತು, ಸ್ವಲ್ಪ ಬಳಲಿತ್ತು. ತೊಟ್ಟಿಲ ಸೀರೆ ಸರಿಸಿದೆ. ಅದೇ ಕೆಂಪು ಮುಖ, ಅದೇ ಅಗಲ ಬಾಯಿ, ಅದೇ ನಡುಗುವ ನಾಲಿಗೆ. ನಾನು ಇಷ್ಟು ದಿನ ನೋಡಿದ ಮುಖ. ಆದರೆ ಈಗ ಅದರಿಂದ ಸದ್ದು ಬರುತ್ತಿತ್ತು. ಬಾಯಿ ತೆರೆದರೆ ಸದ್ದು, ಮುಚ್ಚಿದರೆ ಇಲ್ಲ. ನನ್ನ ಮಗಳ ಅಳು. ಇಷ್ಟು ಸಣ್ಣದಾ ಇದು, ಇಷ್ಟು ಮುದ್ದಾಗಿದೆಯಾ ಎಂದು ಎತ್ತಿಕೊಳ್ಳುವುದನ್ನೂ ಮರೆತು ನಿಂತುಬಿಟ್ಟೆ.

"ಎತ್ಕಳೇ! ಕಚೇರಿ ಕೇಳೋಳ ಹಂಗೆ ನಿಂತವಳೆ!" ಎಂದು ಓಬಕ್ಕ ಬೈದಳು.

ಎತ್ತಿಕೊಂಡೆ. ಎದೆಗಿಟ್ಟುಕೊಂಡೆ. ಅಳು ನಿಂತಿತು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಇಷ್ಟು ಹೊತ್ತು ನನ್ನನ್ನು ಕರೆಯುತ್ತಿದ್ದ ನನ್ನ ಮಗಳನ್ನು ತುದಿಗಾಲಲ್ಲಿ ದಾಟಿ ಹೋಗಿದ್ದೆನಲ್ಲ. ಓಬಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. "ನಾನೂ ನನ್ ದೊಡ್ಡ ಮಗಂದು ಬಂದಾಗ ಹಿಂಗೇ ಊರೆಲ್ಲ ಓಡಿದ್ದೆ ಬಿಡು," ಅಂದಳು. "ಅವ್ವಂದಿರೆಲ್ಲ ಓಡೇ ಓಡ್ತಾರೆ. ಸ್ವಂತ ಕೂಸಿನ ಅಳು ಅವ್ವಂಗೆ ಹೆಂಗೆ ಗೊತ್ತಾಗ್ಬೇಕು, ಕೇಳಿದ್ರೆ ತಾನೇ?" ಕೂಸಿನ ಅಂಗಾಲನ್ನು ಒಂದು ಸಲ ಮುಟ್ಟಿದಳು. ಅಲ್ಲಿ ಒಂದು ಬಿಳಿ ಗುರುತು ಉಳಿಯಿತು. "ಬೇಗ ಬಂದ್ಬಿಡ್ತು," ಎಂದು ಎದ್ದು ಹೋದಳು.

ಅಂದು ಸಂಜೆ ಗಿರಣಿ ಒಂದೇ ಸಮನೆ ಓಡಿತು. ನಡುವೆ ನಿಲ್ಲಲಿಲ್ಲ. ನಾನು ಬಾಗಿಲಲ್ಲಿ ಕೂತು ಕೇಳುತ್ತಿದ್ದೆ. ಮಗಳು ಆ ಸಂಜೆ ಮೂರು ನಾಲ್ಕು ಸಲ ಅತ್ತಳು, ಪ್ರತಿ ಸಲವೂ ನಾನು ಯಾರೂ ಹೇಳದೆಯೇ ಓಡಿದೆ. ಇಷ್ಟು ದಿನ ಬೇಡಿಕೊಂಡದ್ದು ಕೈಗೆ ಬಂದಿತ್ತು. ಆದರೂ ಬಾಗಿಲ ಚೌಕಟ್ಟಿನ ಕೈಗುರುತುಗಳನ್ನು ಒರೆಸಲು ಬಟ್ಟೆ ತಂದವಳು ಒರೆಸದೆ ಹಾಗೇ ಬಿಟ್ಟೆ. ಓಬಕ್ಕ ಕಾಫಿಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ.

ಅಳು ಮನೆಗೆ ಬಂದ ಮೇಲೆ ಕೇಳುಮನೆಗೆ ಉಡಿ ತುಂಬುವುದು ನಮ್ಮ ಪದ್ಧತಿ. ಹಬ್ಬ ಕಳೆದ ಮೇಲೆ ಅತ್ತೆ ಸೀರೆ, ಕುಬುಸದ ಕಣ, ಕೊಬ್ಬರಿ ಎಲ್ಲ ಜೋಡಿಸಿದರು. ಆಮೇಲೆ ಒಳಗೆ ಹೋಗಿ ಇನ್ನೊಂದು ಡಬ್ಬಿ ತಂದರು. ಮೊಳಕೆ ಕಟ್ಟಿ ಒಣಗಿಸಿದ ರಾಗಿ, ಕೂಸಿಗೆ ಮುಂದೆ ತಿನ್ನಿಸುವ ಸರಿ ಹಿಟ್ಟಿಗೆ. ಅದನ್ನು ತಾವೇ ಕಂಕುಳಲ್ಲಿಟ್ಟುಕೊಂಡು ಗಿರಣಿಯವರೆಗೆ ನಡೆದು, ಓಬಕ್ಕನ ಮುಂದೆ ಇಟ್ಟರು. "ಸಣ್ಣಗೆ ಬೀಸು. ಹಿಂದಿನೋರ ಜೋಳ ಬೆರಸ್ಬೇಡ."

"ಬೆರಸ್ತೀನಿ, ಏನೀಗ?" ಅಂದಳು ಓಬಕ್ಕ. ಇಬ್ಬರೂ ನಕ್ಕರು.

ನಾನು ಕೂಸನ್ನು ಅವಳ ಮಡಿಲಿಗೆ ಹಾಕಿದೆ. ಅವಳು ಒಂದು ಕೈಯಲ್ಲಿ ಅದನ್ನು ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ರಾಗಿ ಸುರಿದಳು. ಗಡಗಡ ಸದ್ದಿಗೆ ಕೂಸು ಹೆದರಲಿಲ್ಲ. ಕಣ್ಣರಳಿಸಿ ಬೆಲ್ಟು ತಿರುಗುವುದನ್ನೇ ನೋಡಿತು. ಡಬ್ಬಿ ಮುಗಿಯಿತು. ಓಬಕ್ಕನ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ಮಿಷನ್ ನಿಂತಿತು. ಸರದಿಯಲ್ಲಿದ್ದವರೂ ಹಳೆಯ ಅಭ್ಯಾಸಕ್ಕೆ ಬಾಯಿ ಮುಚ್ಚಿದರು. ಇದ್ದಕ್ಕಿದ್ದಂತೆ ಅಷ್ಟು ನಿಶ್ಶಬ್ದವಾದದ್ದಕ್ಕೆ ಕೂಸು ಬೆಚ್ಚಿತು. ತುಟಿ ಸೊಟ್ಟಗಾಯಿತು. ಎರಡು ಸಣ್ಣದು, ಒಂದು ಉದ್ದ.

ಓಬಕ್ಕನ ಮುಖ ನೋಡಬೇಕಿತ್ತು. ಬಾಗಿಲ ಕಡೆ ತಿರುಗಿ, ಗಿರಣಿಯನ್ನೂ ಮೀರಿಸುವ ಅವಳ ದನಿಯಲ್ಲಿ ಕೂಗಿದಳು, "ಯಾರಾದ್ರೂ ಓಡ್ರಪ್ಪೋ, ಕೂಸು ಅಳ್ತೈತೆ, ಅವರವ್ವಂಗೆ ಹೇಳ್ರೋ!"

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಯಾರೂ ನಗಲಿಲ್ಲ. ಸದ್ದು ಮಾಡದೆ ಬೀದಿಗೆ ಇಳಿದೆ, ಮೌನೇಶಾಚಾರ್ ಮನೆಯವರೆಗೆ ಹೋದೆ, ಅಲ್ಲಿಂದ ತಿರುಗಿ ಸೀರೆ ಎತ್ತಿ ಹಿಡಿದು ಓಡಿ ಬಂದೆ. ಗಿರಣಿಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತು ಕೇಳಿದೆ, "ಓಬಕ್ಕ, ನಮ್ ಕೂಸು ಅಳ್ತೈತಂತೆ?"

"ಹೂಂ ಕಣವ್ವ, ಬೇಗ ಬಾ," ಅಂದಳು ಓಬಕ್ಕ. "ಹಸಿದೈತೆ."